ಬಾಯಲ್ಲಿ ಮರಿ ಇದ್ದ ಮೀನು

ಮದೀನಾದಿಂದ ಎರಡು ಗಂಟೆ ದಾರಿ. ಅಲ್ಲೊಂದು ಖರ್ಜೂರದ ತೋಟ, ತೋಟದ ಹಿಂದೆ ಕಣಿವೆಯ ಬಂಡೆಗಳ ನಡುವೆ ಬೇಸಿಗೆಯಲ್ಲೂ ಬತ್ತದ ಹೊಂಡ. ತೋಟದ ಯಜಮಾನರು ನನ್ನಷ್ಟೇ ವಯಸ್ಸಿನ ಅರಬರು. ಮದೀನಾದಲ್ಲಿರುವ ನನ್ನ ಮಗನ ಅಂಗಡಿಗೆ ಖರ್ಜೂರ ಕೊಡುವವರು. ಆ ಹೊಂಡದಲ್ಲಿ ಅಂಗೈಯುದ್ದದ ಬೆಳ್ಳಿ ಬಣ್ಣದ ಮೀನಿದೆ. ಅವರು ಚಿಕ್ಕಂದಿನಲ್ಲಿ ಗಾಳ ಹಾಕಲು ಕಲಿತದ್ದು ಅದರಿಂದಲೇ. ಗಾಳಕ್ಕೆ ಸಿಕ್ಕರೆ ಗಾತ್ರಕ್ಕೆ ಮೀರಿ ಎಳೆದಾಡುತ್ತದಂತೆ. ಆ ಕಣಿವೆ ಬಿಟ್ಟರೆ ಬೇರೆಲ್ಲೂ ಇಲ್ಲವಂತೆ.

ಹಿಂದೆ ಯಾರೋ ಕೆಲಸದವರು ತಿನ್ನಲಿಕ್ಕೆಂದು ಅಲ್ಲಿಗೆ ಜಿಲೇಬಿ ಮೀನು, ಅಂದರೆ ತಿಲಾಪಿಯಾ, ತಂದು ಬಿಟ್ಟಿದ್ದರು. ಅದು ಬೆಳ್ಳಿ ಮೀನಿನ ಮೊಟ್ಟೆ, ಮರಿ ಎಲ್ಲ ತಿಂದು ಹೊಂಡ ತುಂಬಿತು.

ಕಳೆದ ವರ್ಷ ಚಳಿ ಮುಗಿದ ಮೇಲೆ, ನಾಲ್ಕು ಶುಕ್ರವಾರ ಜುಮಾ ನಮಾಜು ಮುಗಿಸಿ ಮಗ ಮತ್ತು ಅಂಗಡಿಯವರು ಜಿಲೇಬಿ ಹಿಡಿದು ತೆಗೆಯಲು ಹೋಗಿ ಬಲೆ ಎಳೆದರು, ಜೊತೆಗೆ ನಾನೂ ಹೋದೆ. ಬೆಳ್ಳಿ ಮೀನು ವಾಪಸು ನೀರಿಗೆ, ಜಿಲೇಬಿ ನನ್ನ ಕತ್ತಿಗೆ. ನಾನು ನೇತ್ರಾವತಿಯ ದಡದಲ್ಲಿ ಹುಟ್ಟಿದವಳು, ಮೀನು ಕೊಯ್ಯುವುದು ಹೊಸತಲ್ಲ. ಆದರೆ ಒಂದರ ಕಿವಿರು ಒತ್ತಿದಾಗ ಬಾಯಿಂದ ಸಾಸಿವೆಯಂತೆ ಮರಿಗಳು ಹೊರಬಂದವು. ನಮ್ಮ ಹೊಳೆಬದಿಯಲ್ಲಿ ಮರಿ ಕಾಯುವ ಮೀನನ್ನು ಕೊಲ್ಲುತ್ತಿರಲಿಲ್ಲ. ಕೊಂದರೆ ನನ್ನ ತಾಯಿ ಕೈಗೇ ಹೊಡೆಯುತ್ತಿದ್ದಳು. ಯಾರೂ ನೋಡದಾಗ ಅದನ್ನು ಮರಿಗಳ ಸಮೇತ ನೀರಿಗೆ ಬಿಟ್ಟೆ. ಅಂಥವು ಏಳೆಂಟಾದವು.

ಬೇಸಿಗೆ ಕಳೆದು ಯಜಮಾನರ ಫೋನು ಬಂತು. ಹೊಂಡದ ತುಂಬ ಬೆರಳುದ್ದದ ಜಿಲೇಬಿ. ಇನ್ನು ತನ್ನಿಂದಾಗದು, ಆ ಹೊಂಡದ ಆಸೆ ಬಿಟ್ಟುಬಿಡುತ್ತೇನೆ ಎಂದರಂತೆ. ಆಗ ನಾನು ಮಾಡಿದ್ದನ್ನು ಮಗನಿಗೆ ಹೇಳಿದೆ.

"ಉಮ್ಮಾ, ನಿಮಗೆ ಎಂತ ಆಗಿದೆ? ನಾವು ಬಲೆ ಎಳೆದದ್ದು ಎಂತಕ್ಕೆ ಮತ್ತೆ?"

"ಬಾಯಲ್ಲಿ ಮರಿ ಇತ್ತು ಮಾರಾಯ."

"ನಮ್ಮ ಸೊಂಟ ಮುರಿಯಿತು, ಇಲ್ಲಿ ನಿಮ್ಮದು ಜಿಲೇಬಿಗೆ ಬಾಣಂತನ!"

"ಬಯ್ಯುವುದು ಕಾರಲ್ಲಿ ಬಯ್ಯಿ. ನಡಿ, ಅವರಿಗೆ ನಾನೇ ಹೇಳುತ್ತೇನೆ."

ಹೇಳಿದೆ. ಹೊಂಡದ ಬಳಿ ನಿಂತು ನಾನು ಹೇಳಿದ್ದನ್ನು ಮಗ ತಲೆ ತಗ್ಗಿಸಿಕೊಂಡು ಅರಬಿಯಲ್ಲಿ ಹೇಳಿದ. ಯಜಮಾನರು ಹೊಂಡದ ಅಂಚಿಗೆ ಹೋಗಿ ಬಗ್ಗಿ ನೋಡಿದರು. ಆಮೇಲೆ, ವಯಸ್ಸಾದ ಹೆಂಗಸರನ್ನು ಅಲ್ಲಿ ಕರೆಯುವಂತೆ ನನ್ನನ್ನು ಹಜ್ಜಾ ಎಂದು ಕರೆದು ಹೇಳಿದ್ದನ್ನು ಮಗ ನನಗೆ ತಿಳಿಸಿದ: "ಹಜ್ಜಾ, ಬೆಳ್ಳಿ ಮೀನಿಗೂ ಮರಿ ಉಂಟು. ಅದು ಬಾಯಲ್ಲಿ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ನಿಮ್ಮ ಕಣ್ಣಿಗೆ ಬೀಳಲಿಲ್ಲ."

  ಕಾರಿನಿಂದ ಬಲೆ ತೆಗೆಯಲು ಮಗನಿಗೆ ಹೇಳಿದೆ.

ಮೊದಲ ಮೂರು ಎಳೆತಕ್ಕೆ ಬರೀ ಜಿಲೇಬಿ. ಒಂದರ ಬಾಯಿ ಉಬ್ಬಿತ್ತು. ಅದನ್ನೂ ಕೊಯ್ದೆ. ನಾಲ್ಕನೆಯದಕ್ಕೆ ಎರಡು ಬೆಳ್ಳಿ ಮೀನು ಬಂದವು. ಯಜಮಾನರು ಕೈ ಒದ್ದೆ ಮಾಡಿಕೊಂಡು ಅವನ್ನು ಎತ್ತಿ ನೀರಿಗೆ ಬಿಟ್ಟರು. ಆಮೇಲೆ ನಿಲುವಂಗಿ ಮೊಣಕಾಲಿಗೆ ಕಟ್ಟಿ, ತಾವೇ ಬಲೆಯ ಒಂದು ತುದಿ ಹಿಡಿದು, ಎಳೆಯೋಣ ಎನ್ನುವಂತೆ "ಯಲ್ಲಾ" ಎಂದರು.