ಜಯಲಕ್ಷ್ಮಮ್ಮ ತೈಪೆಯಲ್ಲಿ ಎಳ್ಳೆಣ್ಣೆ ಕೋಳಿ ತಿಂದದ್ದು

ನನ್ನ ವಾರಗಿತ್ತಿ ಜಯಲಕ್ಷ್ಮಮ್ಮ ಬೇರೆಯವರ ಅಡುಗೆಯನ್ನು ಹೊಗಳಿದ್ದನ್ನು ನಮ್ಮ ಹೊಣಕೆರೆಯಲ್ಲಿ ಯಾರೂ ಕೇಳಿಲ್ಲ. ಮೇಲುಕೋಟೆಯ ಪುಳಿಯೋಗರೆಗೇ ಹುಳಿ ಹೆಚ್ಚು ಅಂದವಳು. ಬೀಗರೂಟಕ್ಕೆ ಹೋದರೆ ಮೊದಲ ತುತ್ತಿಗೇ ಮೂಗು ಮುರಿಯುತ್ತಾಳೆ, ಎದ್ದು ಕೈತೊಳೆಯುವಾಗ ನೋಡಿದರೆ ಎಲೆಯಲ್ಲಿ ಒಂದು ಚೂರು ಮೂಳೆಯೂ ಬಾಕಿ ಇರುವುದಿಲ್ಲ. ‘ನಂಗೆ ಗೊತ್ತಿಲ್ಲ’ ಅನ್ನುವ ಮಾತಂತೂ ಆ ಬಾಯಿಂದ ಬಂದದ್ದನ್ನು ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಕೇಳಿರಲಿಲ್ಲ.

ಅವಳ ದೊಡ್ಡ ಜಂಬ ಬಾಣಂತನದ್ದು. ಊರಿನಲ್ಲಿ ಯಾರಿಗೆ ಹೆರಿಗೆಯಾದರೂ ಕರೆಯುವ ಮೊದಲೇ ಸೆರಗು ಸಿಕ್ಕಿಸಿಕೊಂಡು ಹಾಜರು. ಎಣ್ಣೆ ತಿಕ್ಕುವುದು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ, ಎಲ್ಲ ಸರಿಯೇ. ಆದರೆ ಬಾಣಂತಿಯ ಮೈಮೇಲೆ ಹಂಡೆಗಟ್ಟಲೆ ನೀರು ಹುಯ್ಯುವ ಈ ಮಹಾತಾಯಿ ಬಾಯಿಗೆ ಮಾತ್ರ ನೀರು ಬಿಡುತ್ತಿರಲಿಲ್ಲ. ದಿನಕ್ಕೊಂದು ಲೋಟ, ಅದೂ ಗುಟುಕು ಗುಟುಕಾಗಿ.

"ನೀರು ಕುಡುದ್ರೆ ಒಟ್ಟೆ ಜೋತುಬೀಳ್ತದೆ ಕಣವ್ವ" ಅನ್ನುವುದು ಅವಳ ವೇದವಾಕ್ಯ.

ನನ್ನ ಮಗಳು ಸುಮಳ ಮೊದಲ ಬಾಣಂತನವನ್ನೂ ಅವಳೇ ಮಾಡಿದಳು. ಮಗಳು ಒಣಗಿದ ತುಟಿ ಸವರಿಕೊಂಡು ಮಲಗಿರುತ್ತಿದ್ದಳು, ಮಗು ಎದೆ ಕಚ್ಚಿ ಕಚ್ಚಿ ಬಿಟ್ಟು ಅಳುತ್ತಿತ್ತು. ಹಾಲು ಬರಲೇ ಇಲ್ಲ. ಕೊನೆಗೆ ಡಬ್ಬಿ ಹಾಲು ಹಿಡಿಸಿದೆವು. ಆಗ ಇವಳು ಬೀದಿಗೆಲ್ಲ ಕೇಳುವಂತೆ ಹೇಳಿದ್ದೇನು ಗೊತ್ತೆ? "ನಾನೇನ್ ಮಾಡ್ಲಿ, ಮಂಗಳಮ್ಮನ ತವರ ಕಡೆ ಎಣ್ಣುಮಕ್ಕಳಿಗೆ ಆಲೇ ಇಲ್ಲ." ಮಂಗಳಮ್ಮ ಅಂದರೆ ನಾನೇ. ಆ ಮಾತು ಬಸ್ಸು ಹತ್ತಿ ಪಾಂಡವಪುರದ ನಮ್ಮ ಬೀಗರ ಮನೆಯನ್ನೂ ತಲುಪಿತು. ಸುಮಳ ಅತ್ತೆ ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ.

ಅದಕ್ಕೇ ಸುಮ ಮತ್ತೆ ಬಸುರಿಯಾದಾಗ ನಾನು ಒಂದು ತೀರ್ಮಾನ ಮಾಡಿದ್ದೆ. ಈ ಸಲ ಜಯಲಕ್ಷ್ಮಮ್ಮ ನನ್ನ ಹೊಸ್ತಿಲು ದಾಟಬಾರದು. ಅಷ್ಟರಲ್ಲಿ ದೇವರೇ ದಾರಿ ಮಾಡಿದ. ಅವಳ ಮಗಳು ರಂಜಿತ ರೇಷ್ಮೆಹುಳುವಿನ ರೋಗದ ಬಗ್ಗೆ ಓದಲು ಗಂಡನ ಜೊತೆ ತೈಪೆಯಲ್ಲಿದ್ದಳು. ಅವಳಿಗೂ ದಿನ ತುಂಬುತ್ತಾ ಬಂತು, ತಾಯಿಯನ್ನು ಕರೆಸಿಕೊಂಡಳು. ರಾಗಿಹಿಟ್ಟು, ಖಾರದಪುಡಿ, ಸಾಂಬ್ರಾಣಿ ಕಟ್ಟಿಕೊಂಡು ಜಯಲಕ್ಷ್ಮಮ್ಮ ವಿಮಾನ ಹತ್ತಿದಳು. ನಾನು ಕೈ ಮುಗಿದು ಕಳಿಸಿಕೊಟ್ಟೆ.

ಸಂಜೆ ಸಂಜೆ ವಿಡಿಯೊ ಕಾಲ್ ಮಾಡಿ ಆ ಊರನ್ನು ಬೈಯುವುದೇ ಅವಳ ಕೆಲಸವಾಯಿತು. ಅಲ್ಲಿ ಸೋಯಾ ಹಾಲಿನ ಗಡ್ಡೆಯನ್ನು ನಾತ ಬರುವಷ್ಟು ಹುಳಿಸಿ, ಕರಿದು, ಬೀದಿಯಲ್ಲಿ ಮಾರುತ್ತಾರಂತೆ. "ಬೀದಿಗೆಲ್ಲ ಕೊಟ್ಟಿಗೆ ವಾಸ್ನೆ ಮಂಗಳಾ, ಒಂದು ದನ ಕಾಣಾಕಿಲ್ಲ" ಅಂದಳು. ಸಾಂಬ್ರಾಣಿ ಹಾಕಿದ ದಿನ ಬೆಂಕಿಯ ಗಂಟೆ ಹೊಡೆದು ಇಡೀ ಕಟ್ಟಡದ ಜನ ಕೆಳಗಿಳಿದು ನಿಂತರು. ಅದಕ್ಕೂ ಆ ಜನವನ್ನೇ ಬೈದಳು.

ಮಗು ಹುಟ್ಟಿತು, ಬಾಣಂತನ ಶುರುವಾಯಿತು, ದಿನಕ್ಕೊಂದು ಲೋಟದ ಕಾನೂನು ತೈಪೆಯಲ್ಲೂ ಜಾರಿಗೆ ಬಂತು. ಆಮೇಲೆ ಏನಾಗಬೇಕೋ ಅದೇ ಆಯಿತು. ಫೋನಿನಲ್ಲಿ ಹಿಂದೆ ಮಗು ಅಳುವುದು ಕೇಳುತ್ತಿತ್ತು, ಸುಮಳ ಮಗು ಅತ್ತ ಹಾಗೆಯೇ. ಜಯಲಕ್ಷ್ಮಮ್ಮನ ಮುಖ ಸಣ್ಣದಾಗಿತ್ತು. ‘ಈಗ ಯಾರ ತವರ ಕಡೆಯದು ಅಕ್ಕ?’ ಅಂತ ಕೇಳಬೇಕು ಅನ್ನಿಸಿತು. ಆ ಹಸುಗೂಸಿನ ಮುಖ ನೋಡಿ ಬಾಯಿ ಮುಚ್ಚಿಕೊಂಡೆ.

ಮುಂದಿನದನ್ನು ರಂಜಿತಳೇ ಆಮೇಲೆ ಬಿದ್ದು ಬಿದ್ದು ನಗುತ್ತಾ ಹೇಳಿದ್ದು. ಮಗುವಿನ ಅಳು ಕೇಳಲಾರದೆ ಎದುರುಮನೆಯ ಮುದುಕಿ ಒಂದು ಪಾತ್ರೆ ಹಿಡಿದು ಬಂದಳಂತೆ. ಅದರಲ್ಲಿ ಇದ್ದದ್ದು ಎಳ್ಳೆಣ್ಣೆ ಕೋಳಿ. ಶುಂಠಿಯನ್ನು ಕರಿ ಎಳ್ಳೆಣ್ಣೆಯಲ್ಲಿ ಹುರಿದು, ಕೋಳಿ ಹಾಕಿ, ಅಕ್ಕಿಯ ಹೆಂಡ ಹುಯ್ದು ಕುದಿಸಿದ ತೆಳ್ಳನೆಯ ಸಾರು. ಆ ಊರಿನಲ್ಲಿ ಹೆಸರಾದ ತಿನಿಸು, ಬಾಣಂತಿಯರಿಗೆ ಇದನ್ನೇ ಕೊಡುತ್ತಾರಂತೆ. ಮುದುಕಿಗೆ ಇವಳ ಭಾಷೆ ಬಾರದು, ಇವಳಿಗೆ ಅವಳದ್ದು ಬಾರದು. ಮುದುಕಿ ಮಗುವನ್ನು ತೋರಿಸಿದಳು, ತನ್ನ ಎದೆ ಮುಟ್ಟಿಕೊಂಡಳು, ಪಾತ್ರೆ ಮುಂದೆ ನೂಕಿದಳು.

"ಶನಿದೇವ್ರಿಗೆ ದೀಪ ಅಚ್ಚೋ ಎಣ್ಣೇಲಿ ಕೋಳಿ ಬೇಯ್ಸವ್ಳೆ! ಮ್ಯಾಲೆ ಎಂಡ ಬ್ಯಾರೆ!" ಅಂತ ಜಯಲಕ್ಷ್ಮಮ್ಮ ಹಾರಾಡಿದಳು.

"ಅವ್ವ, ಅದುನ್ನ ಇಲ್ಲಿ ಕೊಡು" ಅಂದಳಂತೆ ರಂಜಿತ, ಹಾಸಿಗೆಯಿಂದಲೇ.

ಆದರೆ ಬಾಣಂತನ ಮಾಡುವವಳು ರುಚಿ ನೋಡದೆ ಬಾಣಂತಿಗೆ ಏನನ್ನೂ ಕೊಡುವಂತಿಲ್ಲ, ಅದು ಇವಳೇ ಮಾಡಿಕೊಂಡ ಕಟ್ಟಳೆ. ತಪ್ಪು ಹುಡುಕಲೆಂದೇ ಒಂದು ಚಮಚ ಬಾಯಿಗಿಟ್ಟಳು. ಮುಖ ಹಿಂಡಿಕೊಂಡು "ಉಪ್ಪೇ ಇಲ್ಲ" ಅಂದಳು. ಉಪ್ಪು ನಿಜವಾಗಿಯೂ ಇಲ್ಲವೇ ಅಂತ ಇನ್ನೊಂದು ಚಮಚ. ಹೆಂಡ ಎಷ್ಟಿದೆ ನೋಡಲು ಮತ್ತೊಂದು. ಕೋಳಿ ಬೆಂದಿದೆಯೋ ಇಲ್ಲವೋ ಅಂತ ಒಂದು ಕಾಲು. ಆ ಕಾಲಿನ ಮೂಳೆಯನ್ನು ಕಡಿದು, ಚೀಪಿ, ಪಕ್ಕಕ್ಕಿಟ್ಟ ಮೇಲೆ "ಥೂ!" ಅಂದಳಂತೆ. ಮುದುಕಿ ಖುಷಿಯಿಂದ ತಲೆಯಾಡಿಸಿದಳು.

ಉಳಿದದ್ದನ್ನು ರಂಜಿತ ಪಾತ್ರೆ ಎತ್ತಿ ಗಟಗಟ ಕುಡಿದಳು. "ಕುಡಿ, ನಿನ್ನ ಅಣೆಬರ" ಅಂತ ತಾಯಿ ಮುಖ ತಿರುಗಿಸಿ ಕೂತಳು. ಮುದುಕಿ ಮಾರನೆಯ ದಿನವೂ ತಂದಳು, ಅದರ ಮಾರನೆಯ ದಿನವೂ ತಂದಳು. ಜೊತೆಗೆ ಬಿಸಿನೀರಿನ ಫ್ಲಾಸ್ಕು. ಒಂದು ಬೆಳಗ್ಗೆ ರಂಜಿತಳ ರವಿಕೆ ನೆನೆದುಹೋಗಿತ್ತು, ಮಗು ಕುಡಿದು ಕುಡಿದು ನಿದ್ದೆ ಹೋಗಿತ್ತು.

ಅವತ್ತು ಸಂಜೆ ಜಯಲಕ್ಷ್ಮಮ್ಮ ಫೋನಿನಲ್ಲಿ ನನಗೆ ಹೇಳಿದಳು, "ನನ್ ಮೆಣಸಿನ ಸಾರು ಕೊನೆಗೂ ಕೈ ಇಡೀತು ಕಣೆ ಮಂಗಳಾ." ಎಂಥಾ ಹೆಂಗಸು ನೋಡಿ.

ಹೆರಿಗೆಯಾದ ಸುಮಳನ್ನು ನಾಗಮಂಗಲದ ಆಸ್ಪತ್ರೆಯಿಂದ ಮನೆಗೆ ಕರೆತಂದ ವಾರದಲ್ಲೇ ಜಯಲಕ್ಷ್ಮಮ್ಮ ತೈಪೆಯಿಂದ ಬಂದಿಳಿದಳು. ಬ್ಯಾಗು ಬಿಚ್ಚುವ ಮೊದಲೇ ಒಂದು ಕರಿ ಸೀಸೆ, ಒಂದು ನಾಟಿಕೋಳಿ ಹಿಡಿದು ನನ್ನ ಬಾಗಿಲಿಗೆ ಬಂದಳು. ನಾನು ಅಡ್ಡ ನಿಂತೆ.

"ಬ್ಯಾಡ ಅಕ್ಕ. ಈ ಸಲ ನಾನೇ ನೋಡ್ಕತೀನಿ."

"ನೀನೇನ್ ನೋಡ್ಕತೀಯ, ಜಾಗ ಬುಡು."

ನುಗ್ಗಿಯೇ ಬಿಟ್ಟಳು. ನನ್ನ ಒಲೆ ಸರಿಯಿಲ್ಲ, ಬಾಣಲೆ ತೆಳ್ಳಗಾಯಿತು, ಶುಂಠಿ ನಾರು ಅಂತ ಬೈಯುತ್ತಲೇ ಅಡುಗೆಗೆ ಕೂತಳು. ಎಳ್ಳೆಣ್ಣೆಯ ಘಮ ಬೀದಿಗೆಲ್ಲ ಹೋಯಿತು. ಅಕ್ಕಿಯ ಹೆಂಡ ಇಲ್ಲಿ ಸಿಕ್ಕುವುದಿಲ್ಲ, ಅದರ ಬದಲು ನೀರು ಹುಯ್ದಳು. ನಾನು ಅವಳ ಕೈಯನ್ನೇ ನೋಡುತ್ತಾ ನಿಂತಿದ್ದೆ. ಚೊಂಬಿನ ಮೇಲೆ ಚೊಂಬು ನೀರು ಬೀಳುತ್ತಿತ್ತು.

ಸಾರು ಕುಡಿಸಿದ ಮೇಲೆ ಒಂದು ಚೊಂಬು ಬಿಸಿನೀರನ್ನೂ ಸುಮಳ ಮುಂದೆ ಹಿಡಿದಳು. ಸುಮ ಹೆದರಿ ನನ್ನ ಮುಖ ನೋಡಿದಳು.

"ಅವಳ ಮೊಖ ಏನ್ ನೋಡೀಯೆ? ಕುಡಿ. ಎಷ್ಟು ಬೇಕೋ ಅಷ್ಟು ಕುಡಿ."

ಸುಮ ಪೂರ್ತಿ ಕುಡಿದು ಚೊಂಬು ಕೆಳಗಿಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು. ಕೋಪದಿಂದಲ್ಲ, ತಿಳಿದುಕೊಳ್ಳಬೇಕು ಅನ್ನುವ ಹಾಗೆ.

"ಓದ ಸಲ ಯಾಕೆ ಕೊಡ್ನಿಲ್ಲ ದೊಡ್ಡವ್ವ?"

ಜಯಲಕ್ಷ್ಮಮ್ಮ ಮಗುವಿನ ಕುಲಾವಿ ಸರಿಮಾಡಿದಳು. ಸರಿಯಾಗಿಯೇ ಇತ್ತು, ಇನ್ನೊಂದು ಸಲ ಸರಿಮಾಡಿದಳು.

"ನಂಗೆ ಗೊತ್ತಿರ್ನಿಲ್ಲ ಕಣ್ಮಗ" ಅಂದಳು.

ಈ ಹೆಂಗಸಿಗೆ ಅನ್ನಬೇಕು ಅಂತ ವರ್ಷಗಟ್ಟಲೆಯಿಂದ ನಾನು ಒಂದೊಂದೇ ಮಾತು ಕೂಡಿಟ್ಟುಕೊಂಡಿದ್ದೆ. ಕೊನೆಗೆ ಬಾಯಿಂದ ಹೊರಬಿದ್ದದ್ದು "ಸಾರಿಗೆ ಉಪ್ಪೇ ಆಕಿಲ್ವಲ್ಲಕ್ಕ" ಅನ್ನುವುದಷ್ಟೇ. ಆಮೇಲೆ ಚೊಂಬು ಎತ್ತಿಕೊಂಡು ಒಳಗೆ ಹೋಗಿ ಇನ್ನೊಂದು ಸಲ ನೀರು ತುಂಬಿಸಿಕೊಂಡು ಬಂದೆ. ಸುಮ ಅದನ್ನೂ ಕುಡಿದಳು.