ಬೀಗದ ಮಾತು, ನಿದ್ದೆಯ ಮಾತು

ಅವನು ಹೇಡಿ. ವರ್ಷಗಟ್ಟಲೆ ನನ್ನ ಕೈಕೆಳಗೆ ಕೆಲಸ ಮಾಡಿದವನ ಬಗ್ಗೆ ಹೀಗೆ ಬರೆಯಲು ನನಗೆ ಸಂಕೋಚವಿಲ್ಲ. ಅವನ ಹೆಂಡತಿಯೂ ಇದನ್ನೇ ಹೇಳುತ್ತಿದ್ದಳು, ನನಗಿಂತ ಖಾರವಾಗಿ. ನಮ್ಮ ಪ್ರಕಾಶನದಲ್ಲಿ ಎಲ್ಲರೂ ಅವನನ್ನು ಮೊಲ ಎಂದೇ ಕರೆಯುತ್ತಿದ್ದರು. ಫೋನು ರಿಂಗಾದರೆ ಕುರ್ಚಿಯಿಂದ ಅರ್ಧ ಏಳುತ್ತಿದ್ದ. ರಿಜಿಸ್ಟರ್ ಪತ್ರ ಬಂದರೆ ಸಹಿ ಹಾಕುವ ಮೊದಲೇ ಬೆವರುತ್ತಿದ್ದ. ಲಿಫ್ಟ್ ಹತ್ತುತ್ತಿರಲಿಲ್ಲ. "ನಾಯಿ ಬೊಗಳಿದ್ರೆ ಇವರು ನಾಯಿಗೇ ಸಾರಿ ಕೇಳ್ತಾರೆ" ಎಂದು ಹೆಂಡತಿ ಒಮ್ಮೆ ನನ್ನೆದುರೇ ಅಂದಳು. ಅವನು ನಕ್ಕ; ಅಲ್ಲಗಳೆಯಲಿಲ್ಲ.

ಕೆಲಸ ಮಾತ್ರ ಚೊಕ್ಕ. ನಾವು ಹೆಚ್ಚಾಗಿ ಪ್ರಕಟಿಸುತ್ತಿದ್ದುದು ಜೀವನಚರಿತ್ರೆಗಳನ್ನು. ಲೇಖಕರು ಮಾತಾಡಿಸಿ ತಂದ ಟೇಪುಗಳನ್ನು ಕೇಳಿ ಬರಹಕ್ಕಿಳಿಸುವುದು, ಪುಸ್ತಕದಲ್ಲಿ ಉದ್ಧರಣ ಚಿಹ್ನೆಯೊಳಗೆ ಬಂದ ಪ್ರತಿ ಮಾತನ್ನೂ ಟೇಪಿಗೆ ತಾಳೆ ನೋಡುವುದು ಅವನ ಪಾಲಿನ ಕೆಲಸ. ಅಚ್ಚಿಗೆ ಹೋಗುವ ಮುಂಚೆ, ಯಾರ ಮಾತನ್ನು ಬಳಸಿದ್ದೇವೋ ಅವರನ್ನು ಕರೆಸಿ ಆ ಪುಟಗಳನ್ನು ಅವರೆದುರು ಗಟ್ಟಿಯಾಗಿ ಓದುವ ಪದ್ಧತಿ ನಮ್ಮಲ್ಲಿತ್ತು. ಅನುಮಾನ ಬಂದರೆ ಅಲ್ಲೇ ಟೇಪು ಹಾಕುತ್ತಿದ್ದೆವು. ಆಡಿದ ಮಾತನ್ನು ಈಗ ಬೇಡ ಎನ್ನುವಂತಿಲ್ಲ. ತಿರುಚಿದ್ದೀರಿ ಎಂದು ಜಗಳ ತೆಗೆಯಬಹುದು. ಓದುವವನೂ ಮೊಲನೇ.

ಈ ಸಂಗತಿ ನಡೆದದ್ದು ನೂಲಿನ ಗಿರಣಿಯ ಯಜಮಾನರ ಜೀವನಚರಿತ್ರೆ ತಯಾರಾಗುವಾಗ. ಊರಿನ ಅರ್ಧ ಜನ ಆ ಗಿರಣಿಯನ್ನು ನಂಬಿ ಬದುಕುತ್ತಿದ್ದರು. ಯಜಮಾನರು ಆಸ್ಪತ್ರೆ ಕಟ್ಟಿಸಿದ್ದರು, ಮಂತ್ರಿಯೂ ಆಗಿದ್ದರು. ಬಹಳ ಹಿಂದೆ ಗಿರಣಿಗೆ ಬೆಂಕಿ ಬಿದ್ದು, ಹಿಂಬಾಗಿಲು ತೆರೆಯದೆ, ಒಳಗೆ ಸಿಕ್ಕಿಕೊಂಡ ಹೆಂಗಸರು ಸತ್ತಿದ್ದರು. ಬೀಗ ಯಾರು ಹಾಕಿಸಿದ್ದೆಂದು ಯಾರೂ ಬಾಯಿ ಬಿಟ್ಟಿರಲಿಲ್ಲ. ಟೇಪಿನಲ್ಲಿ ಯಜಮಾನರೇ ಹೇಳಿದ್ದರು: "ಹಿಂಬಾಗಿಲಿಗೆ ಬೀಗ ಹಾಕಿಸಿದ್ದು ನಾನೇ. ನೂಲು ಕಳವಾಗ್ತಿತ್ತು. ಅವತ್ತಿಂದ ನಾನು ಒಂದು ರಾತ್ರಿನೂ ನೆಟ್ಟಗೆ ನಿದ್ದೆ ಮಾಡಿಲ್ಲ."

ಲೇಖಕನಿಗೆ ಬೀಗದ ಮಾತಷ್ಟೇ ಸಾಕಾಗಿತ್ತು. "ನಿದ್ದೆ ಗಿದ್ದೆ ಯಾಕೆ ಮೇಡಂ? ಓದೋನು ಅಲ್ಲೇ ಬೆಚ್ಚಿಬೀಳಬೇಕು."

"ಬೆಚ್ಚಿಬೀಳಿಸೋಕೆ ದೆವ್ವದ ಕಥೆ ಬರಿ" ಎಂದೆ. ಯಜಮಾನರ ಬಾಯಿಂದ ಒಂದೇ ಉಸಿರಿನಲ್ಲಿ ಬಂದ ಮಾತು ಅದು. ಬೀಗದ ಹತ್ತಿರ ಕತ್ತರಿಸಿದರೆ ಆ ಮನುಷ್ಯ ಕಟುಕ. ನಿದ್ದೆಯನ್ನಷ್ಟೇ ಉಳಿಸಿಕೊಂಡರೆ ಸಂತ. ಅವರು ಎರಡೂ ಅಲ್ಲ. ಪುಟದಲ್ಲಿ ಮಾತು ಇಡಿಯಾಗಿ ಇರಲಿ ಎಂದು ಕಡ್ಡಿ ಮುರಿದಂತೆ ಹೇಳಿ ಕಳಿಸಿದೆ.

ಯಜಮಾನರ ಅಳಿಯನಿಗೆ ಬೇಕಾಗಿದ್ದುದು ನಿದ್ದೆಯ ಮಾತೊಂದೇ. ಅವನು ನನ್ನ ಹತ್ತಿರ ಬರಲಿಲ್ಲ. ಮೊಲನ ಮನೆಗೆ ಹೋದ. ಮರುದಿನ ಬೆಳಿಗ್ಗೆ ಮೊಲ ನನ್ನ ಕೋಣೆಗೆ ಬಂದು ಬಾಗಿಲು ಹಾಕಿದ, ಚಿಲಕ ಬಿದ್ದಿದೆಯೇ ಎಂದು ಎಳೆದು ನೋಡಿದ.

"ನಿನ್ನೆ ಅಳಿಯಂದ್ರು ಮನೆಗೆ ಬಂದಿದ್ರು ಮೇಡಂ."

"ಏನಂತೆ?"

"ಏನಿಲ್ಲ. ನೀರು ಕುಡಿದ್ರು. ಮನೆ ಚೆನ್ನಾಗಿದೆ ಅಂದ್ರು. ಮಗಳು ನಮ್ಮ ಗಿರಣಿ ಆಫೀಸಲ್ಲೇ ಇದಾಳಲ್ವಾ ಅಂದ್ರು. ಸಂಜೆ ಒಬ್ಳೇ ಬರ್ತಾಳಾ, ಸೇತುವೆ ಹತ್ರ ದೀಪ ಇಲ್ಲ, ಅಂದ್ರು."

"ಆಮೇಲೆ?"

"ಹಳೇ ಟೇಪು ಮಧ್ಯೆ ಮಧ್ಯೆ ಕೆಟ್ಟಿರುತ್ತೆ ಅಲ್ವಾ, ಅಂತ ಕೇಳಿದ್ರು."

ಗದರಿಸಿದ್ದರೆ ಪೊಲೀಸರಿಗೆ ಹೇಳಬಹುದಿತ್ತು. ಸೇತುವೆಯ ಹತ್ತಿರ ದೀಪವಿಲ್ಲ ಎಂದವನ ಮೇಲೆ ಏನೆಂದು ದೂರು ಕೊಡುವುದು?

"ಟೇಪು ಕೆಟ್ಟಿದೆಯಾ?"

"ಕೆಟ್ಟಿದೆ ಮೇಡಂ" ಎಂದ, ನೆಲ ನೋಡುತ್ತ.

"ಸುಳ್ಳು ಹೇಳೋಕೂ ಬರಲ್ಲ ನಿನಗೆ. ಮಗಳನ್ನ ನಮ್ಮನೇಲಿ ಇರಿಸು."

"ಎಷ್ಟು ದಿನ ಇರಿಸ್ಲಿ ಮೇಡಂ?"

ಓದುವ ಕೆಲಸವನ್ನು ಬೇರೆಯವರಿಗೆ ಕೊಡಲೇ ಎಂದೆ. ಬೇಡವೆಂದ, ಟೇಪು ತನ್ನ ಸುಪರ್ದಿಯಲ್ಲಿರುವುದು ಅವರಿಗೆ ಗೊತ್ತಿದೆ, ಈಗ ತಪ್ಪಿಸಿಕೊಂಡರೂ ತನ್ನ ಮೇಲೇ ಬರುತ್ತದೆ ಎಂದ.

ಅಂದಿನಿಂದ ಸಂಜೆಯಾದೊಡನೆ ಅವನು ಸೇತುವೆಗೆ ಹೋಗಿ ನಿಲ್ಲುತ್ತಿದ್ದ. ಅಲ್ಲಿ ಒಂದು ಕಾರು ದೀಪ ಆರಿಸಿಕೊಂಡು ನಿಂತಿರುತ್ತಿತ್ತು. ಒಂದು ಸಂಜೆ ಅದು ಅಪ್ಪ ಮಗಳ ಹಿಂದೆಯೇ, ನಡಿಗೆಯ ವೇಗದಲ್ಲಿ, ಮನೆಯ ಬಾಗಿಲವರೆಗೂ ಬಂತು. ಯಾರೂ ಇಳಿಯಲಿಲ್ಲ. ಅವನ ಹೆಂಡತಿ ನನಗೆ ಫೋನು ಮಾಡಿದಳು. "ಇವರು ಹೆದರೋದು ನನಗೆ ಅಭ್ಯಾಸ ಆಗೋಗಿದೆ ಮೇಡಂ. ಈಗ ನನಗೇ ಹೆದರಿಕೆ. ಅವರು ಹೇಳಿದ ಹಾಗೆ ಓದಿಬಿಡ್ಲಿ. ಸತ್ತೋರೇನು ಎದ್ದು ಬರ್ತಾರಾ?"

ಓದುವ ದಿನ ಎಲ್ಲರೂ ಉದ್ದನೆಯ ಮೇಜಿನ ಸುತ್ತ ಕೂತೆವು. ಕಾಗದ ಹಾರದಿರಲೆಂದು ಫ್ಯಾನು ಆರಿಸಿದ್ದರು. ಯಜಮಾನರು ಕೋಲಿನ ಮೇಲೆ ಗಲ್ಲವಿಟ್ಟು ಕೂತಿದ್ದರು. ಅಳಿಯ ಅವರ ಪಕ್ಕದಲ್ಲಿ ಕೂರದೆ ಮೊಲನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡ. ಮೊಲನ ಎದುರು ಎಂದಿನಂತೆ ಟೇಪ್ ರೆಕಾರ್ಡರ್ ಇತ್ತು.

ಬಾಲ್ಯ, ಮದುವೆ, ಮೊದಲ ಚುನಾವಣೆ ಎಲ್ಲ ಸರಾಗವಾಗಿ ಹೋದವು. ಬೆಂಕಿಯ ಪುಟ ಬಂದಾಗ ಅವನ ದನಿ ಕುಸಿಯಿತು. "ಅವತ್ತಿಂದ ನಾನು ಒಂದು ರಾತ್ರಿನೂ ನೆಟ್ಟಗೆ ನಿದ್ದೆ ಮಾಡಿಲ್ಲ" ಎಂದು ಓದಿ ಪುಟ ಮಗುಚಿದ. ಅದೇ ಪುಟದ ಪ್ರತಿ ನನ್ನ ಮುಂದಿತ್ತು, ಬೀಗ ಅದರಲ್ಲಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಯಜಮಾನರೇ ಕೇಳಿದರು.

"ಅಷ್ಟೇನಾ ನಾನು ಹೇಳಿದ್ದು?"

"ಅಷ್ಟೇ ಮಾವ" ಎಂದ ಅಳಿಯ. "ಅದಕ್ಕೆ ಮುಂಚಿನ ಟೇಪು ಕೆಟ್ಟಿದೆ. ಬೇಕಾದ್ರೆ ಇವರನ್ನೇ ಕೇಳಿ." ಹಾಗೆನ್ನುತ್ತ ಮೊಲನ ಹೆಗಲ ಮೇಲೆ ಕೈಯಿಟ್ಟ, ಹಳೆಯ ಸ್ನೇಹಿತನಂತೆ.

"ಏನ್ರೀ, ಕೆಟ್ಟಿದೆಯಾ?"

ಮೊಲ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ರೆಕಾರ್ಡರಿನ ಗುಂಡಿ ಒತ್ತಲು ಹೋದ. ಬೆರಳು ಜಾರಿತು. ಮತ್ತೆ ಒತ್ತಿದ. ಟೇಪನ್ನು ಹಿಂದೆ ಮುಂದೆ ಓಡಿಸಬೇಕಾಗಲಿಲ್ಲ. ಆ ಜಾಗಕ್ಕೇ ತಂದಿಟ್ಟಿದ್ದ.

"ಹಿಂಬಾಗಿಲಿಗೆ ಬೀಗ…"

ಅಳಿಯನ ಬೆರಳುಗಳು ಹೆಗಲಿನೊಳಗೆ ಇಳಿದವು. ಮೊಲನ ಅಂಗಿ ಕಂಕುಳವರೆಗೂ ಒದ್ದೆಯಾಗಿತ್ತು. ಮೇಜಿನ ಆಚೆ ಯಜಮಾನರು ಕಿವಿಗೆ ಕೈ ಅಡ್ಡ ಹಿಡಿದು, ಕೇಳಿಸುತ್ತಿಲ್ಲ ಎಂಬಂತೆ ತಲೆಯಾಡಿಸಿದರು.

ಮೊಲ ಕೈ ಚಾಚಿ ಸದ್ದು ಜಾಸ್ತಿ ಮಾಡಿದ.