ಆ ಬಾವಿಯ ಗಾಳಿ

ಆ ಹೆಂಗಸು ಹೇಳಿದ್ದು ‘ಗಾಳಿ ಐತೆ’ ಎಂದೋ ‘ಗಾಳಿ ಇಲ್ಲ’ ಎಂದೋ ನನಗೆ ಈಗ ಖಚಿತವಿಲ್ಲ. ನೆನಪಿನಲ್ಲಿ ಅವರ ಬಾಯಿ ಒಂದು ಸಲ ಒಂದು ಮಾತಾಡುತ್ತದೆ, ಇನ್ನೊಂದು ಸಲ ಇನ್ನೊಂದು. ಅವರು ಏನೂ ಹೇಳಲೇ ಇಲ್ಲ, ಎಲ್ಲ ಮುಗಿದ ಮೇಲೆ ನಾನೇ ಕಟ್ಟಿಕೊಂಡೆ ಎನ್ನುವುದು ನನ್ನ ಗೆಳೆಯನ ವಾದ. ಬಾವಿಗೆ ಇಳಿದವನು ಅವನು, ಮೇಲೆ ನಿಂತವನು ನಾನು. ನಿಂತವನಿಗೆ ಹೆಚ್ಚು ಕಂಡಿರಬೇಕು ಎಂದು ಯಾರಾದರೂ ಅಂದುಕೊಳ್ಳಬಹುದು. ಆದರೆ ಹೆದರಿದವನಿಗೆ ಕಾಣುವುದು ಬಹಳ ಕಡಿಮೆ. ಉಳಿದದ್ದನ್ನು ಅವನು ಆಮೇಲೆ ತುಂಬಿಸಿಕೊಳ್ಳುತ್ತಾನೆ.

ನಾವಿಬ್ಬರೂ ಆಗ ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಿದ್ದೆವು. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ನಾವು ಆರಿಸಿಕೊಂಡದ್ದು ಅಂತರ್ಜಲ. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಬಾವಿ ಬಾವಿಗೂ ಹೋಗಿ ನೀರು ನೆಲಮಟ್ಟದಿಂದ ಎಷ್ಟು ಕೆಳಗಿದೆ ಎಂದು ಅಳೆಯಬೇಕು, ಒಂದು ಬಾಟಲಿ ನೀರು ತುಂಬಿಕೊಂಡು ಬರಬೇಕು. ಅಳೆಯುವುದಕ್ಕೆ ನಮ್ಮ ವಿಭಾಗದಲ್ಲಿ ಒಂದು ಟೇಪು ಇತ್ತು. ಅದರ ತುದಿಗೆ ಒಂದು ಲೋಹದ ಗುಂಡು. ಗುಂಡು ನೀರಿಗೆ ತಾಗಿದ ಕ್ಷಣ ಮೇಲಿನ ಸುರುಳಿಯಲ್ಲಿ ಕುಂಯ್ ಎಂದು ಸದ್ದಾಗುತ್ತದೆ. ಅದು ಇದ್ದದ್ದು ಒಂದೇ ಒಂದು. ಕೈಗೆ ಕೊಡುವಾಗ ನಮ್ಮ ಮೇಷ್ಟ್ರು, ‘ನೀವು ವಾಪಸ್ ಬರದಿದ್ರೂ ಪರವಾಗಿಲ್ಲ, ಇದು ಬರಬೇಕು’ ಎಂದಿದ್ದರು. ತಮಾಷೆಗೇ ಅಂದದ್ದು.

ನನ್ನ ಊರು ನರಸೀಪುರ. ಗೆಳೆಯ ರಾಯಚೂರು ಕಡೆಯವನು. ಅವನಿಗೆ ಇಲ್ಲಿಯ ಮಾತು ಅರ್ಧ ತಿಳಿಯುತ್ತಿರಲಿಲ್ಲ, ಹೀಗಾಗಿ ರೈತರ ಹತ್ತಿರ ಮಾತಾಡುವ ಕೆಲಸ ನನ್ನದು, ಬಾವಿಗೆ ಬಗ್ಗುವ ಕೆಲಸ ಅವನದು.

ಮುಂಗಾರಿಗೆ ಮುಂಚಿನ ದಿನಗಳು. ಹೆಮ್ಮರಗಾಲ ದಾಟಿ, ಕಾಲುವೆ ನೀರು ಹತ್ತದ ದಿಣ್ಣೆಯ ಮೇಲೆ ಒಂದು ಹಳೆಯ ಕಲ್ಲುಬಾವಿ. ಅಗಲವಾದ ಬಾಯಿ, ಗೋಡೆಯಿಂದ ಚಾಚಿಕೊಂಡ ಮೆಟ್ಟಿಲುಗಲ್ಲುಗಳು, ತಳದಲ್ಲಿ ಸ್ವಲ್ಪ ನೀರು, ಆ ನೀರಿನ ನಡುವೆ ಹಿಂದೆ ಯಾವಾಗಲೋ ಕೊರೆಸಿದ ಬೋರಿನ ಪೈಪು. ಬಾವಿಯಲ್ಲಿ ನೀರು ಇಳಿದಾಗ ಅದರ ತಳದಲ್ಲೇ ಬೋರು ಕೊರೆಸುವುದು ಆ ಕಡೆ ಹೊಸದಲ್ಲ. ಮಧ್ಯಾಹ್ನ ಕಳೆದಿತ್ತು. ಪಶ್ಚಿಮಕ್ಕೆ ಮೋಡ ಕಟ್ಟಿ ಎಲೆ ಅಲುಗದ ಹಾಗೆ ಕವುಚಿಕೊಂಡಿತ್ತು, ಬೆನ್ನಿಗೆ ಅಂಗಿ ಅಂಟಿತ್ತು.

ಬಾವಿಯ ಒಡತಿ ಬದುವಿನ ಮೇಲೆ ಹುಲ್ಲು ಕೊಯ್ಯುತ್ತಿದ್ದರು. ನನ್ನ ತಾಯಿಯ ವಯಸ್ಸಿನವರು. ನಮ್ಮನ್ನು ನೋಡಿ ಕುಡುಗೋಲು ಸಮೇತ ಬಂದರು.

‘ಯಾವ್ ಆಫೀಸ್ನೋರು ಸಾ?’

‘ಆಫೀಸ್ನೋರಲ್ಲ ಅಕ್ಕ, ಓದೋ ಹುಡುಗ್ರು. ನೀರು ಎಷ್ಟು ಆಳದಲ್ಲೈತೆ ಅಂತ ನೋಡ್ತೀವಿ.’

‘ಬಗ್ಗುದ್ರೆ ಕಾಣಕ್ಕಿಲ್ವಾ? ಅದ್ಕೂ ಓದ್ಬೇಕಾ?’ ಎಂದು ನಕ್ಕರು. ಗೆಳೆಯನಿಗೆ ಇದು ಪೂರ್ತಿ ಅರ್ಥವಾಗಿ ಅವನೂ ನಕ್ಕ.

ಟೇಪು ಇಳಿಬಿಟ್ಟೆವು. ಕುಂಯ್ ಎಂದಿತು. ಅಳತೆ ಓದಿಕೊಂಡೆವು. ಎಳೆಯಲು ಹೋದರೆ ಗುಂಡು ಬೋರಿನ ಪೈಪಿಗೆ ಕಟ್ಟಿದ್ದ ತಂತಿಗೆ ಸಿಕ್ಕಿಕೊಂಡಿತ್ತು. ಅಲುಗಿಸಿದೆವು, ಸಡಿಲ ಬಿಟ್ಟೆವು, ಬಾವಿಯ ಸುತ್ತ ತಿರುಗಿ ಬೇರೆ ಕಡೆಯಿಂದ ಜಗ್ಗಿದೆವು. ಬರಲಿಲ್ಲ. ಗೆಳೆಯ ಚಪ್ಪಲಿ ಬಿಟ್ಟ.

ಆಗ ಆ ಅಕ್ಕ ಹೇಳಿದರು. ‘ಬ್ಯಾಡ ಸಾ, ಇಳೀಬ್ಯಾಡಿ. ಅದ್ರೊಳಗೆ ಗಾಳಿ—’ ಆಮೇಲೆ ಐತೆ, ಅಥವಾ ಇಲ್ಲ.

ನಮ್ಮ ಕಡೆ ಗಾಳಿ ಎಂದರೆ ಬೀಸುವ ಗಾಳಿಯೂ ಹೌದು, ದೆವ್ವವೂ ಹೌದು. ಮಗು ಸುಮ್ಮನೆ ಅತ್ತರೆ ಗಾಳಿ ಸೋಕಿದೆ ಎನ್ನುತ್ತಾರೆ. ನನ್ನ ಅಜ್ಜಿ ಸಂಜೆ ಹೊತ್ತು ನಮ್ಮನ್ನು ಹುಣಸೆಮರದ ಕೆಳಗೆ ಬಿಡುತ್ತಿರಲಿಲ್ಲ. ಆ ಮಾತನ್ನೆಲ್ಲ ತೊಳೆದುಕೊಳ್ಳುವುದಕ್ಕೇ ನಾನು ವಿಜ್ಞಾನಕ್ಕೆ ಸೇರಿದ್ದೆ ಎಂದರೂ ನಡೆದೀತು. ಬೇರೆ ಕಡೆಯ ಕಿವಿಯಾಗಿದ್ದರೆ ಆ ಪದಕ್ಕೆ ಮೊದಲು ಉಸಿರಾಡುವ ಗಾಳಿಯ ಅರ್ಥವೇ ಹೊಳೆಯುತ್ತಿತ್ತೇನೋ. ನನಗೆ ಹೊಳೆದದ್ದು ಹುಣಸೆಮರ. ಗೆಳೆಯ ಏನಂತೆ ಎಂದು ಕೇಳಿದ. ‘ಒಳಗೆ ದೆವ್ವ ಇದೆಯಂತೆ’ ಎಂದೆ.

‘ಇರ್ಲಿ ಬಿಡೋ, ಅದ್ರದೂ ಒಂದ್ ಸ್ಯಾಂಪಲ್ ತರ್ತೀನಿ’ ಎಂದ ಅವನು. ಈ ಮಾತನ್ನು ಆಡಿದ್ದು ತಾನಲ್ಲ, ನಾನು, ‘ಹೋಗು, ಸ್ಯಾಂಪಲ್ ತಗೊಂಡು ಬಾ’ ಎಂದು ಕಳಿಸಿದ್ದೂ ನಾನು ಎಂದು ಅವನು ಇವತ್ತಿಗೂ ಹೇಳುತ್ತಾನೆ. ಆ ನಗು ಇಬ್ಬರದೂ ಇತ್ತು, ಅಷ್ಟು ಮಾತ್ರ ನಿಜ.

ಆ ಅಕ್ಕ ಹುಲ್ಲಿನ ಗಾಡಿಗೆ ಬಿಗಿಯುವ ಉದ್ದನೆಯ ಹಗ್ಗ ತಂದು, ಇಳಿಯುವುದೇ ಆದರೆ ಇದನ್ನು ಕಟ್ಟಿಕೊಂಡು ಇಳಿ ಎಂದು ಹಟ ಮಾಡಿದರು. ಕಂಕುಳ ಕೆಳಗೆ ಎರಡು ಸುತ್ತು ಹಾಕಿ ಗಂಟು ಬಿಗಿದದ್ದು ಅವರೇ. ಹಗ್ಗದ ಇನ್ನೊಂದು ತುದಿಯನ್ನು ನಾನು ಬಾವಿಯ ಪಕ್ಕದ ಕಲ್ಲುಕಂಬಕ್ಕೆ ಕಟ್ಟಿದೆ.

ಅವನು ಇಳಿದ. ಹಾಡು ಗುನುಗುತ್ತಲೇ ಇಳಿದ. ಅರ್ಧ ದಾಟಿದ ಮೇಲೆ ಹಾಡು ನಿಂತಿತು. ತಳಕ್ಕಿಂತ ಸ್ವಲ್ಪ ಮೇಲೆ ಒಂದು ಅಗಲವಾದ ಬಂಡೆ ಇತ್ತು. ಅದರ ಮೇಲೆ ನಿಂತು ಮೇಲೆ ನೋಡಿ, ‘ಲೇ, ತಲಿ ಭಾರ ಆಗ್ಲಿಕತ್ತದ’ ಎಂದ.

‘ಸೆಕೆಗೆ. ಬೇಗ ಬಿಡಿಸ್ಕೊಂಡು ಬಾ.’

ಅವನು ಟೇಪಿನ ಕಡೆ ಕೈ ಚಾಚಿದ. ಚಾಚಿದ ಕೈ ಹಾಗೇ ಇತ್ತು. ಆಮೇಲೆ, ಬಸ್ಸಿಗೆ ಕಾದು ಕಾದು ಸುಸ್ತಾದವನು ಕೂರುವ ಹಾಗೆ, ನಿಧಾನವಾಗಿ ಬಂಡೆಯ ಮೇಲೆ ಕೂತ. ತಲೆ ಎದೆಗೆ ಬಿತ್ತು.

ನಾಟಕ ಎಂದುಕೊಂಡೆ. ನಾನು ಬಯ್ದೆ. ಬಾವಿ ನನ್ನ ಬೈಗುಳವನ್ನೇ ನನಗೆ ವಾಪಸ್ ಕೊಟ್ಟಿತು. ಅವನ ದೇಹ ಒಂದು ಪಕ್ಕಕ್ಕೆ, ನೀರಿನ ಕಡೆಗೆ, ವಾಲತೊಡಗಿತು. ಹಗ್ಗ ಬಿಗಿಯಾಗಿ ಅಲ್ಲಿಗೇ ತಡೆಯಿತು. ನಾನು ಮೊದಲ ಮೆಟ್ಟಿಲುಗಲ್ಲಿನ ಮೇಲೆ ಕಾಲಿಟ್ಟಿದ್ದೆ. ಅದು ಧೈರ್ಯವಲ್ಲ. ಅವನನ್ನು ಅಲ್ಲಿ ನೋಡುತ್ತಾ ನಿಂತಿರುವುದು ಇಳಿಯುವುದಕ್ಕಿಂತ ಭಯಂಕರವಾಗಿತ್ತು.

ಹಿಂದಿನಿಂದ ನನ್ನ ಬೆಲ್ಟಿಗೆ ಒಂದು ಕೈ ಬಿತ್ತು. ‘ನೀನೂ ಇಳುದ್ರೆ ಎಲ್ಡು ಎಣ ಎತ್ಬೇಕಾಯ್ತದೆ ಕಣ್ಲಾ! ಹಗ್ಗ ಇಡ್ಕೊಳ್ಳೋ!’ ಅಷ್ಟು ಹೊತ್ತೂ ಸಾ ಎನ್ನುತ್ತಿದ್ದವರು ಅವರು. ಆ ಕಣ್ಲಾ ಕೇಳಿದ ಮೇಲೆಯೇ ನಾನು ಮೆಟ್ಟಿಲು ಬಿಟ್ಟು ಹಗ್ಗ ಹಿಡಿದೆ.

ಅವರು ಕೂಗಿದ ಕೂಗಿಗೆ ಪಕ್ಕದ ಹೊಲದಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತಿದ್ದ ಅವರ ಮೈದುನ ಓಡಿ ಬಂದರು. ಮೂವರೂ ಹಿಡಿದು ಎಳೆದೆವು. ದೇಹ ಬಂಡೆ ಬಿಟ್ಟು ಗಾಳಿಯಲ್ಲಿ ತೂಗಿತು, ತಿರುಗಿತು, ತಲೆ ಗೋಡೆಗೆ ಬಡಿಯಿತು. ಆ ಸದ್ದು ನನಗೆ ಕೇಳಿಸಿತು ಎಂದು ಪ್ರಮಾಣ ಮಾಡಬಲ್ಲೆ. ಗಂಟು ಜಾರಿದರೆ ಎಂಬ ಯೋಚನೆ ಒಂದೇ. ‘ಜಗ್ಗು, ನಿಲ್ಲುಸ್ಬ್ಯಾಡ, ಜಗ್ಗು’ ಎನ್ನುತ್ತಿದ್ದರು ಮೈದುನ. ಕಟ್ಟೆಯ ಅಂಚಿಗೆ ಅವನ ಕೂದಲು ಕಂಡಾಗ ಅವರು ಬಗ್ಗಿ ಅಂಗಿ ಹಿಡಿದು ಮೇಲೆ ಎಳೆದುಕೊಂಡರು.

ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಉಸಿರಿತ್ತೋ ಇಲ್ಲವೋ ಗೊತ್ತಾಗಲಿಲ್ಲ, ಏಕೆಂದರೆ ನನ್ನದೇ ಉಸಿರಿನ ಸದ್ದು ಜೋರಾಗಿತ್ತು. ಮೈದುನ ಎದೆ ಒತ್ತಿದರು. ಆ ಅಕ್ಕ ಮನೆಗೆ ಓಡಿ ಹೋಗಿ ಬಂದರು, ಮುಷ್ಟಿಯಲ್ಲಿ ಉಪ್ಪು ಮೆಣಸಿನಕಾಯಿ. ಅವನ ತಲೆಯಿಂದ ಕಾಲಿನವರೆಗೆ ನೀವಾಳಿಸಿ ಬಾವಿಯ ಕಡೆ ಎಸೆದು ಉಗಿದರು. ಅಂದರೆ ಅವರು ಹೇಳಿದ್ದು ದೆವ್ವವನ್ನೇ ಇರಬೇಕು. ಅಥವಾ ಅವರಿಗೆ ದೆವ್ವ, ಉಸಿರಾಡುವ ಗಾಳಿ ಎರಡೂ ಬೇರೆ ಬೇರೆ ಆಗಿರಲೇ ಇಲ್ಲ. ನಾನು ತಡೆಯಲಿಲ್ಲ. ಆ ಕ್ಷಣದಲ್ಲಿ ಅವನನ್ನು ಉಳಿಸುತ್ತದೆ ಎಂದು ಯಾರು ಏನು ಹೇಳಿದ್ದರೂ ನಾನೇ ಮಾಡುತ್ತಿದ್ದೆ.

ಅವನು ಕೆಮ್ಮಿದ.

ಟ್ರ್ಯಾಕ್ಟರಿನಲ್ಲಿ ರಸ್ತೆಯವರೆಗೆ, ಅಲ್ಲಿಂದ ಯಾರದೋ ಗೂಡ್ಸ್ ಆಟೋದಲ್ಲಿ ನಂಜನಗೂಡಿನ ಆಸ್ಪತ್ರೆಗೆ. ಹಿಂದೆ ಅವನ ತಲೆ ನನ್ನ ತೊಡೆಯ ಮೇಲೆ. ಕಣ್ಣು ತೆರೆಯುತ್ತಿತ್ತು, ನನ್ನನ್ನು ದಾಟಿ ಎಲ್ಲೋ ನೋಡುತ್ತಿತ್ತು. ಹೆಸರು ಕೇಳಿದೆ. ಹೇಳಲಿಲ್ಲ. ಜೀವ ಬಂದಿದೆ, ಆದರೆ ಬಂದದ್ದು ಅವನೇ ಹೌದೋ ಅಲ್ಲವೋ ಎಂಬ ಹೆದರಿಕೆ ಹಿಡಿಯಿತು. ಓದಿದವನಿಗೆ ಬರಬಾರದ ಹೆದರಿಕೆ ಅದು.

‘ಬಾವಿಯೊಳಗೆ ಏನಿತ್ತು?’ ಎಂದು ಡಾಕ್ಟರು ಕೇಳಿದರು.

‘ಗಾಳಿ’ ಎಂದೆ.

‘ಎಂಥ ಗಾಳಿ?’

ಅವರು ನನ್ನ ಮುಖ ನೋಡಿ, ಇವನನ್ನೂ ಸ್ವಲ್ಪ ಕೂರಿಸಿ ಎಂದು ನರ್ಸಿಗೆ ಹೇಳಿ, ಅವನ ಮೂಗಿಗೆ ಆಕ್ಸಿಜನ್ ಹಾಕಿಸಿದರು.

ಸಂಜೆ ಅವನು ಮಾಸ್ಕ್ ಪಕ್ಕಕ್ಕೆ ಸರಿಸಿ, ‘ಟೇಪ್ ಬಂತೇನು?’ ಎಂದ. ನಾನು ಅತ್ತೆ. ಇದನ್ನು ಅವನು ಒಪ್ಪುವುದಿಲ್ಲ, ತಾನು ಮೊದಲು ನೀರು ಕೇಳಿದೆ ಎನ್ನುತ್ತಾನೆ.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಕೊಳೆತ ಎಲೆಯಿಂದ ಬರುವ ಇಂಗಾಲದ ಡೈಆಕ್ಸೈಡು, ಭಾರವಾದ್ದರಿಂದ ತಳದಲ್ಲಿ ಕೂರುತ್ತದೆ ಎಂದು ನಾನು ಎಲ್ಲರಿಗೂ ವಿವರಿಸಿದೆ. ಅದನ್ನೇ ಟೇಪು ಕೊಡಲು ಹಳ್ಳಿಯಿಂದ ಬಂದ ಮೈದುನನಿಗೂ ಹೇಳಿದೆ. ಅವರು ಕೇಳಿಸಿಕೊಂಡು, ‘ಸರಿ ಸಾ. ಆದ್ರೆ ಅವತ್ತು ಬೆಳಿಗ್ಗೆ ನಾನೇ ಇಳ್ದಿದ್ನಲ್ಲ’ ಎಂದರು. ಪಂಪಿಗೆ ನೀರೆಳೆಯುವ ಪೈಪಿನ ತುದಿಯ ಫುಟ್‌ವಾಲ್ವಿಗೆ ಕಸ ಸಿಕ್ಕಿತ್ತಂತೆ. ಅದೇ ಬಂಡೆಯ ಮೇಲೆ ಕೂತು ಬಿಡಿಸಿ, ಒಂದು ಬೀಡಿಯನ್ನೂ ಸೇದಿ ಮೇಲೆ ಬಂದಿದ್ದರಂತೆ. ಈ ಟೇಪನ್ನೂ ಮಾರನೆಯ ಬೆಳಿಗ್ಗೆ ಹಾಗೇ ಇಳಿದು ಬಿಡಿಸಿಕೊಂಡು ಬಂದದ್ದಂತೆ. ‘ನಮ್ಗೇನೂ ಮಾಡಕ್ಕಿಲ್ಲ ಅದು. ಓದ್ದೋರ್ನ ಕಂಡ್ರೆ ಆಗಕ್ಕಿಲ್ಲವೇನೋ’ ಎಂದು ನಕ್ಕು, ಮುಂದೆಯೂ ಬೇಕಾದಾಗ ಇಳಿಯುತ್ತೇನೆ ಎಂದರು.

ನನಗೆ ನಗು ಬರಲಿಲ್ಲ. ಬೀಡಿ ಉರಿದ ಜಾಗದಲ್ಲಿ ಅದೇ ದಿನ ಮಧ್ಯಾಹ್ನ ಒಬ್ಬ ಹುಡುಗನ ಉಸಿರು ಹೇಗೆ ನಿಲ್ಲುತ್ತದೆ? ನನ್ನ ವಿವರಣೆಗೆ ತಳವೇ ಇರಲಿಲ್ಲ. ಅದಿಲ್ಲದಿದ್ದರೆ ಉಳಿದದ್ದು ಹುಣಸೆಮರ ಒಂದೇ. ನರಸೀಪುರ ತಾಲ್ಲೂಕಿನ ಬಾವಿಗಳನ್ನು ಅಳೆಯುವಾಗ ನಾನು ಕಟ್ಟೆಯ ಹತ್ತಿರ ನಿಲ್ಲಲಾರದೆ, ಹೊಟ್ಟೆಯ ಮೇಲೆ ಮಲಗಿ ಟೇಪು ಬಿಡುತ್ತಿದ್ದೆ. ಸೋಮನಾಥಪುರದ ಹತ್ತಿರ ಒಬ್ಬ ರೈತ, ‘ಏನ್ಲಾ, ಬಾವಿಗೆ ಅಡ್ಡಬೀಳ್ತಾವ್ನೆ!’ ಎಂದು ಪಕ್ಕದವರಿಗೆ ತೋರಿಸಿದ. ಗೆಳೆಯ ಬಿದ್ದು ಬಿದ್ದು ನಕ್ಕ. ಅವನಿಗೆ ಹೆದರಿಕೆ ಇರಲಿಲ್ಲ, ಬಾವಿಯೊಳಗೆ ಆದದ್ದು ಅವನಿಗೆ ನೆನಪೇ ಇರಲಿಲ್ಲ. ನಾನು ಹೆದರುತ್ತಿದ್ದದ್ದು ಆ ಮೈದುನ ಮತ್ತೆ ಇಳಿಯುತ್ತಾರೆ ಎಂದು. ಇಳೀಬೇಡಿ ಎನ್ನಲು ನನ್ನ ಬಳಿ ಕಾರಣವಿರಲಿಲ್ಲ.

ಕೊನೆಗೆ ಮೇಷ್ಟ್ರ ಬಳಿ ಹೋದೆ. ಅವರು ಪೂರ್ತಿ ಕೇಳಿ, ‘ಆವತ್ತು ಮೋಡ ಇತ್ತಾ?’ ಎಂದರು. ಇತ್ತು ಎಂದೆ. ಹೇಳಿದ ಮೇಲೆ, ನಿಜವಾಗಿ ಇತ್ತೇ ಎಂದು ಅನುಮಾನ ಬಂತು. ಅವರು ವಿವರಿಸಿದರು: ನೀರಿನ ಮೇಲಿರುವ ಒಣ ಮಣ್ಣು, ಬಿರುಕು ಬಿಟ್ಟ ಕಲ್ಲು, ಇವುಗಳಲ್ಲೆಲ್ಲ ಆಮ್ಲಜನಕ ಸವೆದುಹೋದ ಹವೆ ತುಂಬಿರುತ್ತದೆ. ಹೊರಗಿನ ಹವೆಯ ಒತ್ತಡ ಏರಿದರೆ ಹೊಸ ಹವೆ ಬಾವಿಯ ಗೋಡೆಯ ಮೂಲಕ ಆ ಮಣ್ಣಿನೊಳಗೆ ಹೋಗುತ್ತದೆ. ಮಳೆಗೆ ಮುಂಚೆ ಒತ್ತಡ ಇಳಿದರೆ ಆ ಕೆಟ್ಟ ಹವೆ ಬಾವಿಗೆ ಬರುತ್ತದೆ. ‘ಇರಬಹುದು ಅಂತೀನಿ. ಹೌದು ಅನ್ನಲ್ಲ. ಅಳೆದು ನೋಡು’ ಎಂದರು.

ಮುಂದಿನ ವರ್ಷ ಅದೇ ಕಾಲಕ್ಕೆ, ಆಮ್ಲಜನಕ ಕಡಿಮೆಯಾದರೆ ಕೂಗುವ ಒಂದು ಮೀಟರನ್ನು ಎರವಲು ತಂದು ಅದೇ ಬಾವಿಯ ಹತ್ತಿರ ಹೋದೆ. ಹಗ್ಗಕ್ಕೆ ಕಟ್ಟಿ ಇಳಿಬಿಟ್ಟೆ. ಮೈದುನನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ದೆ, ಅವರ ಕಿವಿಯೂ ಕೇಳಲಿ ಎಂದು. ನನ್ನದೊಂದನ್ನೇ ನಾನು ನಂಬುವುದಿಲ್ಲ. ಬೆಳಿಗ್ಗೆ, ಆಕಾಶ ತಿಳಿಯಾಗಿದ್ದಾಗ, ಮೀಟರ್ ಬಂಡೆ ಮುಟ್ಟುವವರೆಗೂ ಸುಮ್ಮನಿತ್ತು. ಮಧ್ಯಾಹ್ನ ಮೋಡ ಕಟ್ಟಿ ಎಲೆ ಅಲುಗುವುದು ನಿಂತ ಮೇಲೆ ಮತ್ತೆ ಬಿಟ್ಟೆವು. ಅರ್ಧ ಇಳಿಯುವ ಮೊದಲೇ ಕೂಗಿಕೊಂಡಿತು.